ಬ್ರಿಡ್ಜ್ ಹತ್ತಿರ ತಂತಿ ಹೆಚ್ಚು ಬಿಗಿಯಾಗಿರುತ್ತದೆಯೇ? ಬಾಸ್ ಗಿಟಾರ್ ಫಾರ್ವರ್ಡ್‌ಗೆ ಸಿ.ವಿ. ರಾಮನ್ ಬದುಕಿನಲ್ಲಿದೆ ಉತ್ತರ

ಮಂಗಳೂರಿನಲ್ಲಿ ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮಗಳಿಗೂ ಚರ್ಚ್ ಗಾಯನ ತಂಡಕ್ಕೂ ಬಾಸ್ ಗಿಟಾರ್ ನುಡಿಸುವ ಯುವಕರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳುಹಿಸಿದ್ದಾರೆ. ಇದು ನಿಜವೇ, ಇದನ್ನು ನಂಬಿ ಗಿಟಾರ್‌ನ ಮರ ಕೊರೆಸಿ ಪಿಕಪ್ ಜಾಗ ಬದಲಿಸಬಹುದೇ ಎಂಬುದು ಅವರ ಪ್ರಶ್ನೆ. ಒಮ್ಮೆ ಕೊರೆದ ಮರ ಮತ್ತೆ ಕೂಡುವುದಿಲ್ಲ. ಹಾಗಾಗಿ ಈ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಬೇಕು ಎಂದು ನಮಗನಿಸಿತು.

ಆ ಫಾರ್ವರ್ಡ್‌ನಲ್ಲಿ ಮೂರು ಮಾತುಗಳಿವೆ. ಒಂದು, ಬ್ರಿಡ್ಜ್ ಹತ್ತಿರ ತಂತಿ ಹೆಚ್ಚು ಬಿಗಿಯಾಗಿರುವುದರಿಂದ ಅಲ್ಲಿನ ಪಿಕಪ್ ಚೂಪಾದ ದನಿ ಕೊಡುತ್ತದೆ. ಎರಡು, 24ನೇ ಫ್ರೆಟ್ ಬರಬೇಕಾದ ಜಾಗದ ಕೆಳಗೆ ಪಿಕಪ್ ಕೂರಿಸಿದರೆ ಮಾಂತ್ರಿಕವಾದ ಸಿಹಿ ನಾದ ಬರುತ್ತದೆ. ಮೂರು, ನಮ್ಮ ವೀಣೆ ತಂಬೂರಿಗಳಲ್ಲಿ ವಿಜ್ಞಾನಕ್ಕೆ ನಿಲುಕದ ರಹಸ್ಯವಿದೆ, ಅದನ್ನು ಸರ್ ಸಿ.ವಿ. ರಾಮನ್ ಅವರೇ ಒಪ್ಪಿದ್ದಾರೆ.

ಮೂರನೆಯ ಮಾತಿನಲ್ಲಿ ರಾಮನ್ ಹೆಸರಿದೆ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಏಕೆಂದರೆ ಮೊದಲ ಎರಡು ಮಾತುಗಳಿಗೆ ಬೇಕಾದ ಉತ್ತರವೂ ರಾಮನ್ ಅವರ ಬದುಕಿನ ಒಂದು ಭಾಗದಲ್ಲೇ ಇದೆ. ಶಾಲೆಯ ಪುಸ್ತಕಗಳಲ್ಲಿ ನಾವು ಓದಿದ್ದು ಬೆಳಕಿನ ರಾಮನ್ ಅವರನ್ನು. ಅದಕ್ಕೂ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ತಂತಿಗಳಿಗೆ ಕಿವಿಗೊಟ್ಟಿದ್ದರು.

ಲೆಕ್ಕಪತ್ರ ಇಲಾಖೆಯ ಅಧಿಕಾರಿ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜು ಅಧ್ಯಾಪಕರು. ಮಗ ಚಿಕ್ಕವನಿದ್ದಾಗಲೇ ಕೆಲಸದ ನಿಮಿತ್ತ ಕುಟುಂಬ ವಿಶಾಖಪಟ್ಟಣಕ್ಕೆ ಬಂತು. ರಾಮನ್ ಓದಿನಲ್ಲಿ ಬಹಳ ಮುಂದಿದ್ದರು. 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ., 1907ರಲ್ಲಿ ಎಂ.ಎ. ಮುಗಿಸಿದರು. ಅದರ ನಡುವೆ 1906ರಲ್ಲೇ ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಬೆಳಕಿನ ಕುರಿತ ಅವರ ಮೊದಲ ಲೇಖನ ಅಚ್ಚಾಯಿತು. ಆಗ ಅವರಿಗೆ 18 ವರ್ಷ.

ಆದರೆ ಆ ಕಾಲದಲ್ಲಿ ಭಾರತೀಯ ಯುವಕನಿಗೆ ವಿಜ್ಞಾನ ಹೊಟ್ಟೆ ತುಂಬಿಸುವ ಕೆಲಸವಾಗಿರಲಿಲ್ಲ. ರಾಮನ್ ಸರ್ಕಾರದ ಹಣಕಾಸು ಸೇವೆಯ ಪರೀಕ್ಷೆ ಬರೆದು, 1907ರಲ್ಲಿ ಕೋಲ್ಕತ್ತದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆಯಾಯಿತು. ಲೋಕಸುಂದರಿ ವೀಣೆ ನುಡಿಸುತ್ತಿದ್ದರು. ಈ ದಂಪತಿಯ ಮೊದಲ ಭೇಟಿ, ಆಗ ಕೇಳಿದ ಹಾಡು ಎಂದು ಅನೇಕ ಸುಂದರ ಕಥೆಗಳು ಹರಿದಾಡುತ್ತವೆ. ನಾವು ಅವುಗಳ ತಂಟೆಗೆ ಹೋಗುವುದಿಲ್ಲ. ಮನೆಯಲ್ಲಿ ವೀಣೆಯಿತ್ತು ಎಂಬಷ್ಟು ಸಾಕು.

ಕೋಲ್ಕತ್ತದ ಬೌಬಜಾರ್ ಬೀದಿಯ 210ನೇ ಸಂಖ್ಯೆಯ ಕಟ್ಟಡದಲ್ಲಿ ಒಂದು ವಿಜ್ಞಾನ ಸಂಸ್ಥೆ ಇತ್ತು. ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬುದು ಅದರ ಹೆಸರು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅದನ್ನು ಕಟ್ಟಿದ್ದರು. ರಾಮನ್ ಬರುವ ಹೊತ್ತಿಗೆ ಅಲ್ಲಿ ಉಪಕರಣಗಳಿದ್ದವು, ಸಂಶೋಧಕರು ಅಷ್ಟಾಗಿ ಇರಲಿಲ್ಲ. ರಾಮನ್ ಕಚೇರಿಗೆ ಹೋಗುವ ಮೊದಲು ಮತ್ತು ಕಚೇರಿ ಮುಗಿದ ಮೇಲೆ ಅಲ್ಲಿ ಪ್ರಯೋಗ ಮಾಡತೊಡಗಿದರು. ಆಶುತೋಷ್ ಡೇ ಎಂಬ ಸಹಾಯಕರು ಅವರ ಜೊತೆ ನಿಂತರು. ಇಂದು ರಾಮನ್ ಹೆಸರು ಗೊತ್ತಿರುವಷ್ಟು ಡೇ ಅವರ ಹೆಸರು ಗೊತ್ತಿಲ್ಲ. ಆದರೆ ಆ ವರ್ಷಗಳ ಕೆಲಸದಲ್ಲಿ ಅವರ ಕೈಚಳಕ ದೊಡ್ಡದು.

ಆ ಬಿಡುವಿನ ಗಂಟೆಗಳಲ್ಲಿ ರಾಮನ್ ಹೆಚ್ಚಾಗಿ ಅಧ್ಯಯನ ಮಾಡಿದ್ದು ಸಂಗೀತ ವಾದ್ಯಗಳನ್ನು. 1909ರಲ್ಲಿ ಭಿಕ್ಷುಕರ, ಹಾಡುಗಾರರ ಕೈಯಲ್ಲಿರುವ ಏಕತಾರಿಯ ಬಗ್ಗೆ ಬರೆದರು. ಆಮೇಲೆ ಪಿಟೀಲು. ಕಮಾನು ತಂತಿಯ ಮೇಲೆ ಓಡುವಾಗ ತಂತಿ ನಿಜವಾಗಿ ಹೇಗೆ ಅಲುಗುತ್ತದೆ ಎಂಬುದರ ಮೇಲೆ 1918ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಮನುಷ್ಯನ ಕೈ ಪ್ರತಿಸಲವೂ ಒಂದೇ ತೆರನಾಗಿ ಕಮಾನು ಎಳೆಯುವುದಿಲ್ಲ. ಅದಕ್ಕಾಗಿ ಒತ್ತಡ, ವೇಗ, ಜಾಗ ಮೂರನ್ನೂ ನಿಯಂತ್ರಿಸಬಲ್ಲ ಯಂತ್ರವನ್ನೇ ಮಾಡಿಸಿದರು. ಕಮಾನನ್ನು ಬ್ರಿಡ್ಜ್‌ಗೆ ಹತ್ತಿರ ತಂದಷ್ಟೂ ಹೆಚ್ಚು ಒತ್ತಬೇಕಾಗುತ್ತದೆ ಎಂಬ ಪಿಟೀಲು ವಾದಕರ ಅನುಭವವನ್ನು ಆ ಯಂತ್ರದಿಂದ ಅಳೆದು ತೋರಿಸಿದರು.

1917ರಲ್ಲಿ ಕೋಲ್ಕತ್ತ ವಿಶ್ವವಿದ್ಯಾಲಯ ಅವರನ್ನು ಪಾಲಿತ್ ಪ್ರಾಧ್ಯಾಪಕರಾಗಿ ಕರೆಯಿತು. ಸಂಬಳ ಕಡಿಮೆ. ರಾಮನ್ ಸರ್ಕಾರಿ ಕೆಲಸ ಬಿಟ್ಟು ಹೋದರು.

ತಂತಿಯ ಬಗ್ಗೆ ಒಂದು ಹಳೆಯ ನಿಯಮ

ಮುಂದೆ ಹೋಗುವ ಮೊದಲು ತಂತಿಯ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ. ಕಷ್ಟವಿಲ್ಲ, ಮಕ್ಕಳ ಸ್ಕಿಪ್ಪಿಂಗ್ ಹಗ್ಗ ನೆನಪಿಸಿಕೊಳ್ಳಿ.

ಇಬ್ಬರು ಎರಡು ತುದಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಹಗ್ಗ ಒಂದೇ ಹೊಟ್ಟೆಯಾಗಿ ಉಬ್ಬುತ್ತದೆ. ಇನ್ನೂ ಜೋರಾಗಿ ಆಡಿಸಿದರೆ ಎರಡು ಹೊಟ್ಟೆ ಆಗುತ್ತದೆ, ನಡುವಿನ ಒಂದು ಬಿಂದು ಹೆಚ್ಚು ಕಡಿಮೆ ನಿಂತಲ್ಲೇ ಇರುತ್ತದೆ. ಮತ್ತೂ ಜೋರಾದರೆ ಮೂರು ಹೊಟ್ಟೆ, ಎರಡು ನಿಂತ ಬಿಂದು.

ಗಿಟಾರ್ ಅಥವಾ ವೀಣೆಯ ತಂತಿ ಇವೆಲ್ಲವನ್ನೂ ಒಂದೇ ಸಲಕ್ಕೆ ಮಾಡುತ್ತದೆ. ಒಂದು ಹೊಟ್ಟೆಯ ಕಂಪನ ಮೂಲ ಸ್ವರ. ಎರಡು ಹೊಟ್ಟೆಯದು ಅದರ ಎರಡು ಪಟ್ಟು ವೇಗದ ಸ್ವರ, ಮೂರು ಹೊಟ್ಟೆಯದು ಮೂರು ಪಟ್ಟು. ಬಾಸ್ ಗಿಟಾರ್‌ನ ಅತಿ ದಪ್ಪ ತಂತಿಯ ಮೂಲ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಅದೇ ತಂತಿಯಲ್ಲಿ 82, 124, 165 ಹೀಗೆ ಮೇಲಿನ ಸ್ವರಗಳೂ ಇರುತ್ತವೆ. ಇವುಗಳನ್ನು ಮೇಲ್ಸ್ವರ ಎನ್ನೋಣ. ಯಾವ ಮೇಲ್ಸ್ವರ ಎಷ್ಟು ಜೋರಾಗಿದೆ ಎಂಬುದರ ಮೇಲೆ ದನಿ ಮೃದುವೋ ಚೂಪೋ ಎಂಬುದು ಬಹುಮಟ್ಟಿಗೆ ನಿಂತಿದೆ.

ಇಂಗ್ಲೆಂಡಿನ ಥಾಮಸ್ ಯಂಗ್ 1800ರ ಸುಮಾರಿಗೆ ಒಂದು ನಿಯಮ ಹೇಳಿದ್ದರು. ಮುಂದೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ಬೆಳೆಸಿದರು. ತಂತಿಯನ್ನು ನೀವು ಯಾವ ಜಾಗದಲ್ಲಿ ಮೀಟುತ್ತೀರೋ, ಆ ಜಾಗದಲ್ಲಿ ನಿಂತ ಬಿಂದು ಇರುವ ಮೇಲ್ಸ್ವರಗಳು ಹುಟ್ಟುವುದೇ ಇಲ್ಲ. ಸರಿಯಾಗಿ ನಡುವೆ ಮೀಟಿದರೆ ಎರಡು, ನಾಲ್ಕು, ಆರು ಹೊಟ್ಟೆಯ ಕಂಪನಗಳು ಇರುವುದಿಲ್ಲ. ನಿಂತೇ ಇರಬೇಕಾದ ಬಿಂದುವನ್ನು ನೀವೇ ಎಳೆದುಬಿಟ್ಟಿದ್ದೀರಲ್ಲ, ಅದಕ್ಕೆ.

1921: ನಿಯಮ ಮುರಿದ ವೀಣೆ

ರಾಮನ್ ಈ ನಿಯಮವನ್ನು ವೀಣೆ ಮತ್ತು ತಂಬೂರಿಯ ಮೇಲೆ ಪರೀಕ್ಷಿಸಿದರು. ಫಲಿತಾಂಶ 1921ರ ಹೊತ್ತಿಗೆ ಕೋಲ್ಕತ್ತದ ಆ ಸಂಸ್ಥೆಯ ಪತ್ರಿಕೆಯಲ್ಲಿ ಕೆಲವೇ ಪುಟಗಳ ಲೇಖನವಾಗಿ ಬಂತು. ನಿಯಮದ ಪ್ರಕಾರ ಇರಲೇಬಾರದ ಮೇಲ್ಸ್ವರಗಳು ಈ ವಾದ್ಯಗಳಲ್ಲಿ ಗಟ್ಟಿಯಾಗಿಯೇ ಕೇಳುತ್ತಿದ್ದವು. ನಡುವೆ ಮೀಟಿದರೂ ಮೇಲಿನ ಷಡ್ಜ ಹಾಡುತ್ತಿತ್ತು.

ಹಾಗಾದರೆ ಇದು ವಿಜ್ಞಾನಕ್ಕೆ ನಿಲುಕದ ರಹಸ್ಯವೇ? ಅಲ್ಲ. ರಾಮನ್ ಕಾರಣವನ್ನೂ ಗುರುತಿಸಿದರು. ಕಾರಣ ಇರುವುದು ಕುದುರೆಯಲ್ಲಿ, ಅಂದರೆ ತಂತಿ ಹಾದುಹೋಗುವ ಬ್ರಿಡ್ಜ್‌ನಲ್ಲಿ.

ಪಿಟೀಲಿನ ಬ್ರಿಡ್ಜ್‌ಗೆ ಚೂಪಾದ ಅಂಚಿದೆ. ತಂತಿ ಅಲ್ಲಿ ಒಂದೇ ಬಿಂದುವಿನಲ್ಲಿ ಕೊನೆಗೊಳ್ಳುತ್ತದೆ. ವೀಣೆಯ ಕುದುರೆಯ ಮೇಲ್ಮೈ ಅಗಲವಾಗಿ, ಸ್ವಲ್ಪ ಬಾಗಿದೆ. ತಂತಿ ಅಲುಗುವಾಗ ಆ ಬಾಗಿದ ಮೈಗೆ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ತಂಬೂರಿಯಲ್ಲಿ ಕುದುರೆ ಮತ್ತು ತಂತಿಯ ನಡುವೆ ಒಂದು ನೂಲು ಸೇರಿಸಿ ಜೀವ ಬರಿಸುತ್ತಾರಲ್ಲ, ಅದೂ ಈ ತಾಗುವಿಕೆಯನ್ನು ಹದಗೊಳಿಸಲಿಕ್ಕೇ. ಪ್ರತಿ ಸಲ ತಾಗಿದಾಗಲೂ ತಂತಿಗೆ ಒಂದು ಸಣ್ಣ ತಳ್ಳು ಸಿಗುತ್ತದೆ. ಹಾಗೆ ಕೆಳಗಿನ ಸ್ವರಗಳ ಶಕ್ತಿ ಮೇಲಿನ ಸ್ವರಗಳಿಗೆ ಹಂಚಿಹೋಗುತ್ತದೆ. ಮೀಟಿದಾಗ ಹುಟ್ಟದ ಮೇಲ್ಸ್ವರ ಆಮೇಲೆ ಕುದುರೆಯಲ್ಲಿ ಹುಟ್ಟುತ್ತದೆ.

ನಮ್ಮ ವಾದ್ಯ ಮಾಡುವವರ ಜಾಣ್ಮೆಯ ಬಗ್ಗೆ ರಾಮನ್ ಅವರಿಗೆ ಗೌರವವಿತ್ತು. ಆದರೆ ಆ ಗೌರವವನ್ನು ಅವರು ತೋರಿಸಿದ್ದು ಅಳೆದು, ಕಾರಣ ಹುಡುಕಿ. ರಹಸ್ಯ ಎಂದು ಹೇಳಿ ಕೈಮುಗಿದು ಬಿಟ್ಟಿದ್ದರೆ ಇಂದು ನಮಗೆ ವೀಣೆಯ ಕುದುರೆಯ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ. ಫಾರ್ವರ್ಡ್‌ನ ಮೂರನೇ ಮಾತು ರಾಮನ್ ಮಾಡಿದ್ದಕ್ಕೆ ನೇರ ವಿರುದ್ಧ.

ಈಗ ಪಿಕಪ್ ವಿಷಯಕ್ಕೆ ಬರೋಣ

ರಾಮನ್ ಬಾಸ್ ಗಿಟಾರ್ ಮೇಲೆ ಕೆಲಸ ಮಾಡಿದವರಲ್ಲ. ಅಮೆರಿಕದ ಲಿಯೋ ಫೆಂಡರ್ ತಮ್ಮ ಪ್ರಿಸಿಷನ್ ಬಾಸ್ ಅನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅಷ್ಟರಲ್ಲಿ ರಾಮನ್ 60 ದಾಟಿ, ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆ ನಡೆಸುತ್ತಿದ್ದರು. ಆದರೂ ಅವರು ಹಿಡಿದ ಪ್ರಶ್ನೆ ಇಲ್ಲಿ ತಿರುಗಿ ಬರುತ್ತದೆ. ಎಲ್ಲಿ ಮೀಟುತ್ತೇವೆ ಎಂಬುದಕ್ಕೆ ಇರುವ ನಿಯಮವೇ ಎಲ್ಲಿಂದ ಕೇಳುತ್ತೇವೆ ಎಂಬುದಕ್ಕೂ ಇದೆ.

ಪಿಕಪ್ ಎಂದರೆ ಆಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಕಪ್‌ಗೆ ಇಡೀ ತಂತಿ ಕಾಣುವುದಿಲ್ಲ. ತನ್ನ ಮೇಲಿರುವ ತುಂಡು ಎಷ್ಟು ಅಲುಗಿತು ಎಂಬುದಷ್ಟೇ ಅದಕ್ಕೆ ಗೊತ್ತು. ಯಾವ ಮೇಲ್ಸ್ವರದ ನಿಂತ ಬಿಂದು ಅಲ್ಲಿದೆಯೋ ಆ ಮೇಲ್ಸ್ವರ ಅದಕ್ಕೆ ಕೇಳಿಸುವುದೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಬಾಸ್ ಗಿಟಾರ್‌ನಲ್ಲಿ ಅಲುಗುವ ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಎರಡು ಜಾಗ ತೆಗೆದುಕೊಳ್ಳಿ. ಒಂದು ಬ್ರಿಡ್ಜ್‌ನಿಂದ ಕಾಲುಭಾಗ ದೂರ, 216 ಮಿ.ಮೀ. ಇನ್ನೊಂದು ಹತ್ತನೇ ಒಂದು ಭಾಗ ದೂರ, 86 ಮಿ.ಮೀ. ಪ್ರತಿ ಕಂಪನ ತನ್ನ ಹೊಟ್ಟೆಯ ತುದಿಯಲ್ಲಿ 100ರಷ್ಟು ಅಲುಗುತ್ತದೆ ಎಂದುಕೊಂಡರೆ, ಈ ಜಾಗಗಳಲ್ಲಿ ಪಿಕಪ್‌ಗೆ ಸಿಗುವ ಪಾಲು ಹೀಗೆ:

ಮೂಲ ಸ್ವರ: ಕಾಲುಭಾಗದಲ್ಲಿ 71, ಹತ್ತನೇ ಭಾಗದಲ್ಲಿ 31.
ಎರಡನೆಯದು: 100 ಮತ್ತು 59.
ಮೂರನೆಯದು: 71 ಮತ್ತು 81.
ನಾಲ್ಕನೆಯದು: 0 ಮತ್ತು 95.
ಐದನೆಯದು: 71 ಮತ್ತು 100.

ಹತ್ತನೇ ಭಾಗದ ಸಾಲನ್ನು ಮೇಲಿನಿಂದ ಕೆಳಗೆ ಓದಿ. ಮೂಲ ಸ್ವರ ಸೊರಗಿದೆ, ಮೇಲಿನವು ಬೆಳೆಯುತ್ತ ಹೋಗಿವೆ. ಬ್ರಿಡ್ಜ್ ಪಿಕಪ್‌ನ ದನಿ ಚೂಪಾಗಿ, ತೆಳ್ಳಗೆ ಕೇಳುವುದು ಇದಕ್ಕೇ. ಅಲ್ಲಿ ಹೊಸದಾಗಿ ಚೂಪು ಹುಟ್ಟುತ್ತಿಲ್ಲ, ದಪ್ಪ ಭಾಗ ಕೇಳಿಸುತ್ತಿಲ್ಲ ಅಷ್ಟೆ. ಆದ್ದರಿಂದಲೇ ಅಲ್ಲಿನ ಪಿಕಪ್ ಒಟ್ಟಾರೆ ಮೆಲ್ಲಗೂ ಕೇಳುತ್ತದೆ, ಅನೇಕ ತಯಾರಕರು ಅದನ್ನು ತಂತಿಗೆ ಹತ್ತಿರ ಎತ್ತರಿಸುತ್ತಾರೆ ಅಥವಾ ಹೆಚ್ಚು ಸುತ್ತು ಹಾಕುತ್ತಾರೆ.

ಮೊದಲ ಮಾತು: ಬ್ರಿಡ್ಜ್ ಬಳಿ ತಂತಿ ಹೆಚ್ಚು ಬಿಗಿಯೇ?

ತಪ್ಪು. ತಂತಿಯ ಬಿಗಿತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಒಂದೇ. ಹೆಚ್ಚು ಕಡಿಮೆ ಇದ್ದರೆ ತಂತಿ ಆ ಕಡೆಗೆ ಜಾರಿ ತಾನೇ ಸರಿಯಾಗುತ್ತಿತ್ತು.

ಆದರೆ ಕೈಗೆ ಬಿಗಿ ಅನಿಸುತ್ತದಲ್ಲ? ಅನಿಸುತ್ತದೆ, ಅದು ಸುಳ್ಳಲ್ಲ. ಕಟ್ಟಿದ ತುದಿಯ ಹತ್ತಿರ ತಂತಿಯನ್ನು ಬದಿಗೆ ಎಳೆಯುವುದು ಕಷ್ಟ. ಬಟ್ಟೆ ಒಣಹಾಕುವ ಹಗ್ಗವನ್ನು ನಡುವೆ ಒತ್ತಿ ನೋಡಿ, ಆಮೇಲೆ ಮೊಳೆಯ ಹತ್ತಿರ ಒತ್ತಿ ನೋಡಿ. ತಂತಿಯನ್ನು ನಡುವೆ ಒಂದು ಮಿಲಿಮೀಟರ್ ಎಳೆಯಲು ಬೇಕಾದ ಬಲಕ್ಕಿಂತ, ಬ್ರಿಡ್ಜ್‌ನಿಂದ ಹತ್ತನೇ ಭಾಗದಲ್ಲಿ ಅಷ್ಟೇ ಎಳೆಯಲು ಸುಮಾರು 2.8 ಪಟ್ಟು ಬಲ ಬೇಕು. ಬಿಗಿತ ಒಂದೇ, ಎಳೆಯುವ ಕೋನ ಬೇರೆ. ಅನುಭವ ಸರಿ, ಅದಕ್ಕೆ ಕೊಟ್ಟ ಕಾರಣ ತಪ್ಪು. ನಂಬಿಕೆಯಾಗಿ ಉಳಿದುಕೊಳ್ಳುವ ಎಷ್ಟೋ ಮಾತುಗಳು ಈ ಜಾತಿಯವು.

ಎರಡನೇ ಮಾತು: 24ನೇ ಫ್ರೆಟ್‌ನ ಮಾಂತ್ರಿಕ ಜಾಗ

24ನೇ ಫ್ರೆಟ್ ಬರುವುದು ಬ್ರಿಡ್ಜ್‌ನಿಂದ ಸರಿಯಾಗಿ ಕಾಲುಭಾಗ ದೂರದಲ್ಲಿ. ಮೇಲಿನ ಪಟ್ಟಿ ನೋಡಿ, ಅಲ್ಲಿ ನಾಲ್ಕನೇ ಮೇಲ್ಸ್ವರ ಸೊನ್ನೆ. ಅಂದರೆ ಅದು ಒಂದು ಸ್ವರ ಹೆಚ್ಚು ಸಿಗುವ ಜಾಗವಲ್ಲ, ಒಂದು ಸ್ವರ ಕಳೆದುಹೋಗುವ ಜಾಗ. ನಿಜವಾದ ಪಿಕಪ್‌ಗೆ ಅಗಲವಿರುವುದರಿಂದ ಪೂರ್ತಿ ಸೊನ್ನೆಯಾಗದೆ ತೀರಾ ಮೆಲ್ಲಗಾಗುತ್ತದೆ.

ಅದೂ ಕೂಡ ತೆರೆದ ತಂತಿಗೆ ಮಾತ್ರ. ನೀವು ಬೆರಳಿಟ್ಟ ಕೂಡಲೇ ಅಲುಗುವ ಉದ್ದ ಕಡಿಮೆಯಾಗುತ್ತದೆ, ನಿಂತ ಬಿಂದುಗಳೆಲ್ಲ ಜಾಗ ಬದಲಿಸುತ್ತವೆ. ಪಿಕಪ್ ಮಾತ್ರ ಅಲ್ಲೇ ಇರುತ್ತದೆ. 5ನೇ ಫ್ರೆಟ್ ಒತ್ತಿದರೆ ಉದ್ದ ಸುಮಾರು 647 ಮಿ.ಮೀ. ಆಗ 216 ಮಿ.ಮೀ. ಎಂಬುದು ಮೂರನೇ ಒಂದು ಭಾಗ, ಈಗ ಮೂರನೇ ಮೇಲ್ಸ್ವರ ಮಾಯ. 12ನೇ ಫ್ರೆಟ್ ಒತ್ತಿದರೆ ಉದ್ದ 432 ಮಿ.ಮೀ., ಪಿಕಪ್ ಸರಿಯಾಗಿ ನಡುವಿಗೆ ಬಂತು, ಎರಡನೆಯದು ಮಾಯ. ಒಂದೇ ಹಾಡಿನಲ್ಲಿ ಬೆರಳು ಹತ್ತು ಕಡೆ ಓಡುತ್ತದೆ. ಎಲ್ಲ ಸ್ವರಗಳಿಗೂ ಸಿಹಿಯಾದ ಒಂದು ಮಾಂತ್ರಿಕ ಬಿಂದು ಇರಲು ಸಾಧ್ಯವೇ ಇಲ್ಲ.

ಹಾಗೆಂದು ಜಾಗಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಕುತ್ತಿಗೆಯ ಕಡೆ ಹೋದಂತೆ ದುಂಡು, ಬ್ರಿಡ್ಜ್ ಕಡೆ ಬಂದಂತೆ ಚೂಪು ಎಂಬುದು ನಿಜ. 1957ರಲ್ಲಿ ಪ್ರಿಸಿಷನ್ ಬಾಸ್‌ನ ಪಿಕಪ್ ಎರಡು ತುಂಡಾಯಿತು. ದಪ್ಪ ತಂತಿಗಳ ತುಂಡು ಕುತ್ತಿಗೆಯ ಕಡೆ, ಸಣ್ಣ ತಂತಿಗಳದ್ದು ಬ್ರಿಡ್ಜ್ ಕಡೆ. 1960ರ ಜಾಜ್ ಬಾಸ್‌ಗೆ ಎರಡು ಪಿಕಪ್‌ಗಳು ಬಂದವು. ಎರಡನ್ನೂ ಸೇರಿಸಿ ಕೇಳಿದಾಗ ಕೆಲವು ಮೇಲ್ಸ್ವರಗಳು ಒಂದಕ್ಕೊಂದು ಕೂಡುತ್ತವೆ, ಕೆಲವು ಒಂದನ್ನೊಂದು ಅಳಿಸುತ್ತವೆ. ಎರಡು ನಾಬ್ ತಿರುಗಿಸಿದರೆ ಹಲವು ದನಿ ಸಿಗುವುದು ಹೀಗೆ.

ಇನ್ನೊಂದು ಕುತೂಹಲದ ಸಂಗತಿ. ಫ್ರೆಟ್ ಇರುವ ಬಾಸ್‌ನಲ್ಲಿ ತಂತಿಯ ಎರಡೂ ತುದಿ ಚೂಪಾಗಿ ಕೊನೆಗೊಳ್ಳುವುದರಿಂದ ಯಂಗ್ ನಿಯಮ ಚೆನ್ನಾಗಿಯೇ ನಡೆಯುತ್ತದೆ. ಫ್ರೆಟ್ ಇಲ್ಲದ ಬಾಸ್‌ನಲ್ಲಿ ತಂತಿ ಬೆರಳ ಮುಂದಿನ ಮರದ ಮೈಗೆ ಸವರುತ್ತ ಅಲುಗುತ್ತದೆ, ದನಿ ಅರಳಿದಂತೆ ಕೇಳುತ್ತದೆ. ತಂಬೂರಿಯ ಕುದುರೆಯಲ್ಲಿ ರಾಮನ್ ಗುರುತಿಸಿದ ಸವರುವಿಕೆಯ ದೂರದ ನೆಂಟ ಅದು.

ತಂತಿಯಿಂದ ಬೆಳಕಿಗೆ

ಮತ್ತೆ ರಾಮನ್ ಕಡೆಗೆ ಹೋಗೋಣ. 1921ರಲ್ಲೇ ಅವರು ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಹರಿದು ಎದುರು ಬದಿಗೆ ಕೇಳುತ್ತದೆ. ನೋಡಲು ಹೋದ ರಾಮನ್ ಅಲ್ಲೂ ಪ್ರಯೋಗ ಮಾಡಿ ಲೇಖನ ಬರೆದರು. ಮರಳುವಾಗ ಹಡಗಿನಿಂದ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಕಡೆಗೆ ಎಳೆಯಿತು.

ಇಲ್ಲೊಂದು ಪ್ರಸಿದ್ಧ ತಪ್ಪು ಫಾರ್ವರ್ಡ್ ಇದೆ. ಸಮುದ್ರ ನೀಲಿಯಾಗಿರಲು ರಾಮನ್ ಪರಿಣಾಮವೇ ಕಾರಣ ಎಂದು ಅದು ಹೇಳುತ್ತದೆ. ಹಾಗಲ್ಲ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ ಆಗ ತೋರಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಅದಕ್ಕೆ ಮುಖ್ಯ ಕಾರಣ ಎಂಬುದು ಇಂದಿನ ತಿಳಿವಳಿಕೆ. ರಾಮನ್ ಪರಿಣಾಮ ಇದಕ್ಕಿಂತ ಬೇರೆ. ಅದು ಏಳು ವರ್ಷ ಕಳೆದು, 1928ರ ಫೆಬ್ರುವರಿ 28ರಂದು ಸಿಕ್ಕಿತು. ಕೆ.ಎಸ್. ಕೃಷ್ಣನ್ ಆ ಕೆಲಸದಲ್ಲಿ ಜೊತೆಗಿದ್ದರು.

ಅದನ್ನೂ ತಂತಿಯ ಭಾಷೆಯಲ್ಲೇ ಹೇಳಬಹುದು. ಅಣುಗಳೂ ಸದಾ ಕಂಪಿಸುತ್ತಿರುತ್ತವೆ, ಪ್ರತಿಯೊಂದಕ್ಕೂ ತನ್ನದೇ ಕಂಪನಗಳಿವೆ. ಒಂದೇ ಬಣ್ಣದ ಬೆಳಕು ಅಣುವಿಗೆ ತಗಲಿ ಚದುರಿದಾಗ, ಅದರ ಒಂದು ಪುಟ್ಟ ಪಾಲಿನಲ್ಲಿ ಆ ಕಂಪನದಷ್ಟು ಏರಿಳಿತ ಕಾಣುತ್ತದೆ. ಅದನ್ನು ಅಳೆದರೆ ಎದುರಿಗಿರುವುದು ಯಾವ ಅಣು ಎಂದು ಹೇಳಬಹುದು. ಇಂದು ಔಷಧದ ಪರೀಕ್ಷೆಯಿಂದ ರತ್ನದ ಪರೀಕ್ಷೆಯವರೆಗೆ ಇದು ಬಳಕೆಯಲ್ಲಿದೆ. ರಾಮನ್ ಅವರಿಗೆ 1930ರ ಭೌತವಿಜ್ಞಾನ ನೊಬೆಲ್ ಬಂತು. ಇದರ ನಡುವೆಯೂ ವಾದ್ಯಗಳನ್ನು ಅವರು ಮರೆಯಲಿಲ್ಲ. ಜರ್ಮನಿಯ ಪ್ರಸಿದ್ಧ ಭೌತವಿಜ್ಞಾನ ಕೋಶಕ್ಕೆ 1927ರಲ್ಲಿ ಸಂಗೀತ ವಾದ್ಯಗಳ ಅಧ್ಯಾಯ ಬರೆದುಕೊಟ್ಟವರು ಅವರೇ.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಅದರ ಪತ್ರಿಕೆ ಹುಟ್ಟಿದ ಹೊಸದರಲ್ಲೇ ಮೃದಂಗದ ಬಗ್ಗೆ ಬರೆದರು. ಸಾಮಾನ್ಯ ಚರ್ಮವಾದ್ಯದ ಕಂಪನಗಳು ಸ್ವರಕ್ಕೆ ಹೊಂದುವುದಿಲ್ಲ. ಮೃದಂಗದ ನಡುವೆ ಬಳಿಯುವ ಕಪ್ಪು ಲೇಪ ಆ ಕಂಪನಗಳನ್ನು ತಂತಿಯಂತೆ ಎರಡು ಪಟ್ಟು, ಮೂರು ಪಟ್ಟು ಎಂಬ ಕ್ರಮಕ್ಕೆ ತರುತ್ತದೆ ಎಂದು ತೋರಿಸಿದರು. ನಮ್ಮ ಕರಾವಳಿಯ ಯಕ್ಷಗಾನದ ಮದ್ದಳೆಯ ನಡುವೆಯೂ ಅಂಥ ಕಪ್ಪು ಲೇಪವಿದೆ, ಮುಂದಿನ ಆಟದಲ್ಲಿ ಗಮನಿಸಿ.

ಆಡಳಿತದಲ್ಲಿ ರಾಮನ್ ಅವರಿಗೆ ನೆಮ್ಮದಿ ಇರಲಿಲ್ಲ. ಭಿನ್ನಾಭಿಪ್ರಾಯಗಳ ನಡುವೆ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು. ಆಮೇಲೆ ಸ್ವಂತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ. 1954ರಲ್ಲಿ ಭಾರತ ರತ್ನ ಬಂತು.

ಅವರು ಯಾವಾಗಲೂ ಸರಿಯಾಗಿದ್ದರೇ? ಇಲ್ಲ. ಹರಳುಗಳೊಳಗಿನ ಅಣುಗಳು ಹೇಗೆ ಕಂಪಿಸುತ್ತವೆ ಎಂಬ ಬಗ್ಗೆ ಜರ್ಮನ್ ಮೂಲದ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಜೊತೆ 1940ರ ದಶಕದಲ್ಲಿ ರಾಮನ್ ಅವರಿಗೆ ದೊಡ್ಡ ವಾದ ನಡೆಯಿತು. ಕೊನೆಗೆ ಪ್ರಯೋಗಗಳು ಬಾರ್ನ್ ಕಡೆಯ ಸಿದ್ಧಾಂತವನ್ನೇ ಎತ್ತಿಹಿಡಿದವು. ಕಂಪನಗಳ ಬಗ್ಗೆ ಇಡೀ ಬದುಕು ಕೆಲಸ ಮಾಡಿದವರೇ ಕಂಪನಗಳ ಒಂದು ಪ್ರಶ್ನೆಯಲ್ಲಿ ಸೋತರು. ಇದನ್ನು ನಾವು ಹೇಳುತ್ತಿರುವುದು ಅವರನ್ನು ಕೆಳಗಿಳಿಸಲು ಅಲ್ಲ. ಫಾರ್ವರ್ಡ್‌ಗಳಲ್ಲಿ ದೊಡ್ಡವರ ಹೆಸರನ್ನು ಸಾಕ್ಷಿಯಂತೆ ಬಳಸುತ್ತಾರೆ. ರಾಮನ್ ಹೇಳಿದರೆಂಬ ಕಾರಣಕ್ಕೆ ಒಂದು ಮಾತು ನಿಜವಾಗುವುದಿಲ್ಲ, ಅವರದೇ ಮಾತಾದರೂ ಕೂಡ. ಪರೀಕ್ಷೆಯಲ್ಲಿ ನಿಂತರೆ ನಿಜವಾಗುತ್ತದೆ. ವೀಣೆಯ ಲೇಖನ ನಿಂತಿತು, ಹರಳಿನ ಸಿದ್ಧಾಂತ ನಿಲ್ಲಲಿಲ್ಲ.

1970ರ ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ ರಾಮನ್ ತೀರಿಕೊಂಡರು. ಅವರ ಅಂತ್ಯಸಂಸ್ಕಾರ ಬೆಂಗಳೂರಿನ ತಮ್ಮ ಸಂಸ್ಥೆಯ ಆವರಣದಲ್ಲೇ ನಡೆಯಿತು. ಅಲ್ಲಿ ಸಮಾಧಿ ಕಟ್ಟಡವಿಲ್ಲ, ಒಂದು ಮರವಿದೆ.

ನೀವೇ ಮಾಡಿ ನೋಡಿ

ಈಗ ನಮ್ಮ ಮಂಗಳೂರಿನ ಓದುಗರಿಗೆ ಮತ್ತು ಮನೆಯಲ್ಲಿ ಯಾವುದೇ ಗಿಟಾರ್ ಇರುವ ಎಲ್ಲರಿಗೂ ಒಂದು ಪರೀಕ್ಷೆ.

1. ಒಂದು ತಂತಿಯನ್ನು ಸರಿಯಾಗಿ 12ನೇ ಫ್ರೆಟ್ ಮೇಲೆ, ಅಂದರೆ ನಡುವೆ ಮೀಟಿ. ಕೂಡಲೇ ಅದೇ ಜಾಗವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ. ದನಿ ಬಹುಮಟ್ಟಿಗೆ ಸತ್ತುಹೋಗುತ್ತದೆ.

2. ಈಗ ಬ್ರಿಡ್ಜ್‌ನಿಂದ ಕಾಲುಭಾಗದಲ್ಲಿ ಮೀಟಿ, ಆಮೇಲೆ ನಡುವೆ ಹಗುರವಾಗಿ ಮುಟ್ಟಿ. ಮೇಲಿನ ಷಡ್ಜ ಸ್ಪಷ್ಟವಾಗಿ ಹಾಡುತ್ತದೆ.

3. ಹತ್ತಿರದಲ್ಲಿ ತಂಬೂರಿ ಇದ್ದು, ಅದರ ಒಡೆಯರು ಒಪ್ಪಿದರೆ, ಮೊದಲ ಪರೀಕ್ಷೆಯನ್ನು ಅದರ ಮೇಲೆ ಮಾಡಿ. ನೂರು ವರ್ಷದ ಹಿಂದೆ ರಾಮನ್ ಕೇಳಿದ ಅಚ್ಚರಿಯನ್ನು ನೀವೂ ಕೇಳಬಹುದು.

ಮರ ಕೊರೆಸುವ ವಿಷಯಕ್ಕೆ ನಮ್ಮ ಉತ್ತರ ಇಷ್ಟು. ಮೊದಲು ಪಿಕಪ್ ಅಲ್ಲ, ನಿಮ್ಮ ಬಲಗೈಯನ್ನು ಸರಿಸಿ. ಬ್ರಿಡ್ಜ್ ಹತ್ತಿರ ಮೀಟಿ, ಕುತ್ತಿಗೆ ಹತ್ತಿರ ಮೀಟಿ, ನಡುವೆ ಮೀಟಿ. ಪಿಕಪ್ ಸರಿಸಿದರೆ ಆಗುವ ಬದಲಾವಣೆಯ ದಿಕ್ಕು ಇದರಲ್ಲೇ ತಿಳಿಯುತ್ತದೆ, ಖರ್ಚು ಏನೂ ಇಲ್ಲ. ಎರಡು ಪಿಕಪ್ ಇದ್ದರೆ ನಾಬ್‌ಗಳನ್ನು ತಿರುಗಿಸಿ ಕೇಳಿ. ಪಿಕಪ್‌ನ ಎತ್ತರವನ್ನು ಸ್ಕ್ರೂನಿಂದ ಬದಲಿಸಿ ನೋಡಿ. ತಂತಿ ಹಳತಾಗಿದ್ದರೆ ಬದಲಿಸಿ, ಹಳೆಯ ತಂತಿಯಲ್ಲಿ ಮೇಲ್ಸ್ವರಗಳು ಬೇಗ ಸಾಯುತ್ತವೆ. ಇಷ್ಟಾದ ಮೇಲೂ ಬೇಕಾದ ದನಿ ಸಿಗದಿದ್ದರೆ ಆಗ ಯೋಚಿಸಿ.

ಇನ್ನೊಂದು ಎಚ್ಚರಿಕೆ. ಎರಡು ಬಾಸ್‌ಗಳ ದನಿಯನ್ನು ಮೊಬೈಲ್ ಸ್ಪೀಕರ್‌ನಲ್ಲಿ ಹೋಲಿಸಬೇಡಿ. ಅಷ್ಟು ಸಣ್ಣ ಸ್ಪೀಕರ್‌ನಿಂದ 41 ಕಂಪನದ ಸ್ವರ ಹೆಚ್ಚು ಕಡಿಮೆ ಹೊರಗೇ ಬರುವುದಿಲ್ಲ. ಬರುವುದು ಮೇಲ್ಸ್ವರಗಳು ಮಾತ್ರ, ಉಳಿದದ್ದನ್ನು ನಮ್ಮ ಮೆದುಳೇ ತುಂಬಿಕೊಳ್ಳುತ್ತದೆ. ಒಳ್ಳೆಯ ಹೆಡ್‌ಫೋನ್ ಅಥವಾ ಆಂಪ್ಲಿಫೈಯರ್‌ನಲ್ಲಿ ಕೇಳಿ.

ಒಟ್ಟಿನಲ್ಲಿ: ಬ್ರಿಡ್ಜ್ ಬಳಿ ತಂತಿ ಹೆಚ್ಚು ಬಿಗಿ ಎಂಬುದು ಸುಳ್ಳು. 24ನೇ ಫ್ರೆಟ್‌ನ ಮಾಂತ್ರಿಕ ಜಾಗ ಸುಳ್ಳು. ಪಿಕಪ್ ಇರುವ ಜಾಗದಿಂದ ದನಿ ಬದಲಾಗುತ್ತದೆ ಎಂಬುದು ನಿಜ. ವೀಣೆಯಲ್ಲಿ ವಿಜ್ಞಾನಕ್ಕೆ ನಿಲುಕದ ರಹಸ್ಯವಿದೆ ಎಂದು ರಾಮನ್ ಒಪ್ಪಿದ್ದರು ಎಂಬುದು ಸುಳ್ಳು. ಆ ರಹಸ್ಯವನ್ನು ಬಿಡಿಸಿದವರೇ ಅವರು.

ಆ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದರೆ, ಮುಂದಕ್ಕೆ ಕಳುಹಿಸುವ ಮೊದಲು ಮೇಲಿನ ಪರೀಕ್ಷೆಯನ್ನು ಮಾಡಿ ನೋಡಿ. ಎರಡು ನಿಮಿಷ ಸಾಕು, ಬೇಕಾದದ್ದು ಒಂದು ತಂತಿ ಮತ್ತು ನಿಮ್ಮ ಕಿವಿ.